ನಿಮ್ಮ ಸಾಕು ಹಾವು ಗಂಡೋ ಹೆಣ್ಣೋ: ಬಾಲ ನೋಡುವುದರಿಂದ ಪ್ರೋಬ್ ಹಾಕುವ ತನಕ

ನಮ್ಮ ಮನೆಯ ಬಾಲ್ ಪೈಥಾನ್ ಮೊದಲ ಎರಡು ವರ್ಷ ‘ಭೀಮ’ ಆಗಿತ್ತು. ಕೊಟ್ಟವರು ಗಂಡು ಎಂದಿದ್ದರು, ಚೀಟಿಯಲ್ಲೂ ಹಾಗೇ ಬರೆದಿದ್ದರು, ನಾನೂ ಮರುಮಾತಾಡದೆ ನಂಬಿದೆ. ಮೂರನೇ ವರ್ಷ ಉಸಿರಾಡುವಾಗ ಸಣ್ಣಗೆ ಸೀಟಿ ಹೊಡೆದ ಸದ್ದು ಬರುತ್ತಿದೆಯೆಂದು ವೈದ್ಯರ ಬಳಿ ಒಯ್ದೆ. ಅವರು ಎದೆಯ ಭಾಗ ನೋಡಿ ಮುಗಿಸಿ, ಹಾಗೇ ಬಾಲದ ಬುಡವನ್ನೊಮ್ಮೆ ಎರಡು ಬೆರಳಲ್ಲಿ ಸವರಿ, “ಇದು ಗಂಡು ಅಂತ ಯಾರು ಹೇಳಿದ್ದು ನಿಮಗೆ?” ಅಂದರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಗದಗದಲ್ಲಿರುವ ಅವ್ವನಿಗೆ ಫೋನ್ ಮಾಡಿ ಹೇಳಿದೆ. “ಅದಕ್ಯಾಕ ಇಷ್ಟು ಚಿಂತಿ ಮಾಡ್ತಿ? ಭೀಮವ್ವ ಅಂತ ಕರಿ, ಮುಗೀತು” ಅಂದಳು. ಅಂದಿನಿಂದ ಅದು ಭೀಮವ್ವ.

ನಾಯಿ ಬೆಕ್ಕುಗಳಂತೆ ಹಾವಿನಲ್ಲಿ ಹೊರಗೆ ಕಾಣುವಂಥದ್ದು ಏನೂ ಇಲ್ಲ. ಬಣ್ಣ, ತಲೆಯ ಆಕಾರ, ಸಿಟ್ಟು, ಸೌಮ್ಯ ಸ್ವಭಾವ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇರುವುದೆಲ್ಲ ಬಾಲದ ಒಳಗೆ. ಆದ್ದರಿಂದ ಹೊರಗಿನಿಂದ ಒಳಗನ್ನು ಅಂದಾಜು ಮಾಡುವ ಐದಾರು ದಾರಿಗಳನ್ನು ಜನ ಕಂಡುಕೊಂಡಿದ್ದಾರೆ. ಇವುಗಳಲ್ಲಿ ಕೆಲವನ್ನು ನೀವು ಇವತ್ತೇ ಮನೆಯಲ್ಲಿ ಮಾಡಬಹುದು, ಕೆಲವಕ್ಕೆ ಕಲಿತ ಕೈ ಬೇಕೇ ಬೇಕು. ಅಪಾಯ ಕಡಿಮೆ ಇರುವುದರಿಂದ ಶುರುಮಾಡಿ ಹೆಚ್ಚು ಇರುವುದರತ್ತ ಹೋಗೋಣ. ಬಹಳಷ್ಟು ಜನ ಇದನ್ನು ಉಲ್ಟಾ ಮಾಡಿ ಹಾವಿನ ಬಾಲ ಕೆಡಿಸುತ್ತಾರೆ.

ಮೊದಲು ಒಂದು ಮಾತು: ಯಾವ ಹಾವು?

ಇಲ್ಲಿ ನಾನು ಹೇಳುವುದೆಲ್ಲ ಮುಖ್ಯವಾಗಿ ಎರಡು ಹಾವುಗಳ ಬಗ್ಗೆ. ಒಂದು ಬಾಲ್ ಪೈಥಾನ್, ಇದರ ತವರು ಘಾನಾ, ಟೋಗೋ, ಬೆನಿನ್ ಕಡೆಯ ಪಶ್ಚಿಮ ಆಫ್ರಿಕಾ. ಇನ್ನೊಂದು ಕಾರ್ನ್ ಸ್ನೇಕ್, ಅಮೆರಿಕದ ಆಗ್ನೇಯ ರಾಜ್ಯಗಳದ್ದು. ಹೊರದೇಶದಲ್ಲಿರುವ ನಮ್ಮವರು ಸಾಕುವುದೂ ಹೆಚ್ಚಾಗಿ ಇವನ್ನೇ.

ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಇವನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ‘ಎರಡು ತಲೆ ಹಾವು’ ಅಂತ ಲಕ್ಷಗಟ್ಟಲೆ ಬೆಲೆ ಹೇಳಿಕೊಂಡು ಮಣ್ಣುಮುಕ್ಕನನ್ನು ಯಾರಾದರೂ ತಂದರೆ ಗಂಡು ಹೆಣ್ಣು ಕೇಳುವುದಲ್ಲ, ಅರಣ್ಯ ಇಲಾಖೆಗೆ ತಿಳಿಸುವುದು. ಬಾಲ್ ಪೈಥಾನ್ ವಿದೇಶಿ ಹಾವಾದರೂ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಹಿಡಿತವಿರುವ ಸೈಟಿಸ್ ಪಟ್ಟಿಯಲ್ಲಿದೆ. ಕಾಯ್ದೆಯ 2022ರ ತಿದ್ದುಪಡಿ, ಆಮೇಲೆ ಬಂದ 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಗಂಡು ಅಂತ ತಿಳಿದು ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಬಿಟ್ಟು, ಆಮೇಲೆ ಮೊಟ್ಟೆ ಕಂಡು ಗಾಬರಿಯಾದವರನ್ನು ನೋಡಿದ್ದೇನೆ. ಅವರಿಗೆ ಮರಿಗಳ ಚಿಂತೆಯ ಜೊತೆಗೆ ಕಾಗದಪತ್ರದ ಚಿಂತೆಯೂ ಬಂತು.

ಬಾಲದ ಒಳಗೆ ಏನಿದೆ

ಹಾವಿನ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಕೆಳಗೆ ಹೋದರೆ ಅಗಲವಾದ ಹುರುಪೆಗಳ ಸಾಲು ಒಂದು ಕಡೆ ನಿಂತು, ಅಡ್ಡ ಸೀಳು ಸಿಗುತ್ತದೆ. ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಅದೊಂದೇ ದ್ವಾರ, ಹೆಸರು ಕ್ಲೋಯೆಕಾ. ಅದನ್ನು ಮುಚ್ಚಿರುವ ಹುರುಪೆ ಬಾಲ್ ಪೈಥಾನ್‌ನಲ್ಲಿ ಒಂದೇ ತುಂಡು, ಕಾರ್ನ್ ಸ್ನೇಕ್‌ನಲ್ಲಿ ಎರಡು ಹೋಳು. ಈ ದ್ವಾರದಿಂದ ಹಿಂದಿನದ್ದು ಮಾತ್ರ ಬಾಲ. ಹಾವೆಲ್ಲ ಬಾಲವೇ ಎಂದುಕೊಂಡವರು ಇಲ್ಲೇ ತಪ್ಪುತ್ತಾರೆ.

ಗಂಡಿನ ಬಾಲದ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು, ಒಟ್ಟು ಎರಡು ಜನನಾಂಗಗಳಿರುತ್ತವೆ. ಇವನ್ನು ಹೆಮಿಪೀನಿಸ್ ಎನ್ನುತ್ತಾರೆ. ಕಾಲುಚೀಲವನ್ನು ಒಳಮಗ್ಗುಲಾಗಿ ತಿರುವಿಟ್ಟ ಹಾಗೆ ಅವು ಬಾಲದೊಳಕ್ಕೆ ಮಗುಚಿಕೊಂಡಿರುತ್ತವೆ. ಕೂಡುವಾಗ ಒಂದು ಮಾತ್ರ ಹೊರಮಗ್ಗುಲಾಗಿ ಬರುತ್ತದೆ. ಉಳಿದ ಹೊತ್ತಿನಲ್ಲಿ ಬಾಲದ ಮೂಳೆಗಳಿಗೆ ಅಂಟಿಕೊಂಡ ಉದ್ದನೆಯ ಸ್ನಾಯು ಅವನ್ನು ಹಿಂದಕ್ಕೆಳೆದು ಬಿಗಿಯಾಗಿ ಹಿಡಿದಿರುತ್ತದೆ. ಈ ಸ್ನಾಯುವನ್ನು ನೆನಪಿಟ್ಟುಕೊಳ್ಳಿ, ಮುಂದೆ ತಪ್ಪು ಉತ್ತರ ಕೊಡಿಸುವುದು ಇದೇ.

ಹೆಣ್ಣಿನಲ್ಲಿ ಅದೇ ಜಾಗದಲ್ಲಿ ವಾಸನೆಯ ಗ್ರಂಥಿಗಳು ಮತ್ತು ಹೆಚ್ಚು ಆಳವಿಲ್ಲದ ಪುಟ್ಟ ಚೀಲ ಸಿಗುತ್ತವೆ. ವಾಸನೆಯ ಗ್ರಂಥಿ ಗಂಡಿಗೂ ಇದೆ. ಹೆದರಿದ ಹಾವು ನಿಮ್ಮ ಅಂಗಿಗೆ ಬಿಡುವ ದುರ್ನಾತ ಅಲ್ಲಿಯದ್ದೇ, ಎರಡು ಸಲ ಒಗೆದರೂ ಹೋಗದು. ಹೆಣ್ಣಿಗೂ ಅಲ್ಲಿ ತನ್ನದೇ ಜೋಡಿ ಅಂಗವಿದೆ ಎಂದು ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು 9 ಜಾತಿಯ ಹಾವುಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟದ್ದು 2022ರಲ್ಲಿ. ಅಷ್ಟು ದಿನ ಯಾರೂ ಸರಿಯಾಗಿ ಹುಡುಕಿರಲಿಲ್ಲ. ಆದರೆ ಅದು ಗಂಡಿನದರಂತೆ ಹೊರಗೆ ಮಗುಚಿ ಬರುವಂಥದ್ದಲ್ಲ, ಹಾಗಾಗಿ ನಮ್ಮ ಪರೀಕ್ಷೆಗೆ ನೆರವಾಗುವುದಿಲ್ಲ.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ. ಗಂಡು ಎಂಬುದಕ್ಕೆ ಕೈಗೆ ಸಿಗುವ ಸಾಕ್ಷಿ ಇದೆ. ಹೆಣ್ಣು ಎನ್ನುವಾಗ ನಾವು ನಿಜವಾಗಿ ಹೇಳುತ್ತಿರುವುದು ‘ಗಂಡಿನ ಗುರುತು ಸಿಗಲಿಲ್ಲ’ ಅಂತ ಅಷ್ಟೆ. ಸಿಗದೇ ಇರುವುದಕ್ಕೆ ಹಾವು ಹೆಣ್ಣಾಗಿರುವುದು ಒಂದು ಕಾರಣ, ನೋಡಿದವರ ಕೈ ಸರಿಯಿಲ್ಲದಿರುವುದು ಇನ್ನೊಂದು. ಮಾರುವವರ ಚೀಟಿಯಲ್ಲಿ ಈ ವ್ಯತ್ಯಾಸ ಇರುವುದಿಲ್ಲ.

ಮೊದಲ ಹೆಜ್ಜೆ: ದೂರದಿಂದ ನೋಡುವುದು

ಗಾತ್ರದಿಂದ ಶುರುಮಾಡೋಣ, ಬೇಗ ಮುಗಿಸೋಣ. ಹೆಚ್ಚಿನ ಹಾವುಗಳಲ್ಲಿ ಹೆಣ್ಣೇ ದೊಡ್ಡದು. ಬೆಳೆದ ಹೆಣ್ಣು ಬಾಲ್ ಪೈಥಾನ್ ನಾಲ್ಕು ಅಡಿ ದಾಟುವುದು ಸಾಮಾನ್ಯ, ಗಂಡು ಮೂರು ಅಡಿಯ ಆಸುಪಾಸಿನಲ್ಲೇ ನಿಲ್ಲುವುದುಂಟು. ಆದರೆ ಚೆನ್ನಾಗಿ ತಿಂದ ಗಂಡು, ಸರಿಯಾಗಿ ತಿನ್ನದ ಹೆಣ್ಣು ಎರಡೂ ಈ ಲೆಕ್ಕ ಕೆಡಿಸುತ್ತವೆ. ಕಾರ್ನ್ ಸ್ನೇಕ್‌ನಲ್ಲಂತೂ ಗಾತ್ರ ನೋಡಿ ಹೇಳುವುದು ಬರಿ ಊಹೆ.

ಎಲ್ಲ ಹಾವಿನಲ್ಲೂ ಹೆಣ್ಣೇ ದೊಡ್ಡದೇನೂ ಅಲ್ಲ. ಆಗುಂಬೆ ಕಾಡಿನ ಕಾಳಿಂಗದಲ್ಲಿ ಗಂಡು ದೊಡ್ಡದು, ಕೇರೆಯಲ್ಲೂ ಅಷ್ಟೆ. ಗಂಡುಗಳು ಒಂದಕ್ಕೊಂದು ಕುಸ್ತಿ ಆಡುವ ಜಾತಿಗಳಲ್ಲಿ ಸಾಮಾನ್ಯವಾಗಿ ಗಂಡೇ ದೊಡ್ಡದಾಗಿರುತ್ತದೆ, ಸೆಣಸಾಟದಲ್ಲಿ ಮೈಭಾರ ಕೆಲಸಕ್ಕೆ ಬರುತ್ತದಲ್ಲ. ಊರ ಹೊರಗೆ ಹೊಲದ ಬದುವಿನಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದು ನಿಂತರೆ ಜನ ‘ನಾಗರ ಕೇರೆ ಕೂಡ್ಯಾವ’ ಅಂತ ಬಟ್ಟೆ ಹಾಕಲು ಓಡುತ್ತಾರೆ. ನಾಗರಕ್ಕೆ ಕೇರೆಯೇ ಹೆಣ್ಣು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಆದರೆ ಅವು ಬೇರೆ ಬೇರೆ ಕುಟುಂಬದ ಹಾವುಗಳು, ಕೂಡುವುದಿಲ್ಲ. ಹಾಗೆ ಎದ್ದು ನಿಂತು ಒಂದನ್ನೊಂದು ನೆಲಕ್ಕೆ ಒತ್ತುತ್ತಿದ್ದರೆ ಅವು ಬಹುಮಟ್ಟಿಗೆ ಎರಡು ಗಂಡು ಕೇರೆಗಳು, ಅಲ್ಲಿ ನಡೆಯುತ್ತಿರುವುದು ಪ್ರಣಯವಲ್ಲ, ಅಖಾಡ.

ಎರಡನೇ ಹೆಜ್ಜೆ: ಬಾಲದ ಆಕಾರ

ಮನೆಯಲ್ಲೇ ಮಾಡಬಹುದಾದ ಮೊದಲ ನಿಜವಾದ ಪರೀಕ್ಷೆ ಇದು. ಊಟ ಹಾಕಿ ಎರಡು ದಿನವಾದರೂ ಆಗಿರಲಿ, ಇಲ್ಲದಿದ್ದರೆ ತಿಂದದ್ದನ್ನು ಕಕ್ಕಬಹುದು. ಕಣ್ಣು ನೀಲಿಗಟ್ಟಿ ಪೊರೆ ಬಿಡುವ ಹೊತ್ತಾಗಿದ್ದರೆ ಮುಟ್ಟಲೇಬೇಡಿ. ಹಾವನ್ನು ಕೈಮೇಲೆ ಹರಿಯಲು ಬಿಟ್ಟು ಅದು ಸಡಿಲವಾಗುವ ತನಕ ಕಾಯಿರಿ. ಆಮೇಲೆ ಇನ್ನೊಬ್ಬರು ಮುಂಭಾಗ ಹಿಡಿದಿರಲಿ, ನೀವು ದ್ವಾರದ ಆಚೀಚೆ ಮಾತ್ರ ಮೆಲ್ಲಗೆ ಹೊರಳಿಸಿ ಹೊಟ್ಟೆಯ ಕಡೆ ಮೇಲಕ್ಕೆ ಮಾಡಿ ನೋಡಿ. ಹಿಡಿಯಲು ಬಿಡದ ಹಾವಾದರೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಟ್ಟು ಕೆಳಗಿನಿಂದ ಫೋಟೋ ತೆಗೆಯಿರಿ. ನನಗೆ ಈ ಡಬ್ಬಿಯ ದಾರಿಯೇ ಇಷ್ಟ, ಹಾವಿಗೂ ಹಿಂಸೆಯಿಲ್ಲ, ಆಮೇಲೆ ನಿಧಾನವಾಗಿ ದೊಡ್ಡದು ಮಾಡಿ ನೋಡಬಹುದು.

ಏನು ನೋಡಬೇಕು? ಗಂಡಿನಲ್ಲಿ ದ್ವಾರದಿಂದ ಹಿಂದಕ್ಕೆ ಒಂದಷ್ಟು ದೂರ ಬಾಲದ ದಪ್ಪ ಹಾಗೇ ಮುಂದುವರಿಯುತ್ತದೆ, ಕೆಲವೊಮ್ಮೆ ತುಸು ಉಬ್ಬಿಯೂ ಇರುತ್ತದೆ, ಆಮೇಲೆ ಸಣ್ಣಗಾಗುತ್ತದೆ. ಒಳಗೆ ಆ ಎರಡು ಚೀಲಗಳಿಗೆ ಜಾಗ ಬೇಕಲ್ಲ. ಬಾಲವೂ ಉದ್ದ. ಹೆಣ್ಣಿನಲ್ಲಿ ದ್ವಾರ ದಾಟಿದ ಕೂಡಲೇ ಬಾಲ ಕ್ಯಾರೆಟ್ಟಿನ ತುದಿಯಂತೆ ಚೂಪಾಗುತ್ತ ಹೋಗುತ್ತದೆ, ಗಿಡ್ಡವಾಗಿರುತ್ತದೆ.

ಬೆಳೆದ ಕಾರ್ನ್ ಸ್ನೇಕ್‌ನಲ್ಲಿ ಈ ಗುರುತು ಚೆನ್ನಾಗಿ ಕಾಣುತ್ತದೆ. ಬಾಲ್ ಪೈಥಾನ್‌ನದ್ದು ಮೊದಲೇ ಮೊಂಡು ಬಾಲ, ಮೈಬಂದರೆ ಹೆಣ್ಣಿನ ಬಾಲದ ಬುಡವೂ ದಪ್ಪ ಕಾಣುತ್ತದೆ. ನನ್ನ ಭೀಮನನ್ನು ಗಂಡು ಮಾಡಿದ್ದು ಬಹುಶಃ ಆ ಕೊಬ್ಬೇ. ಇನ್ನೊಂದು ತೊಡಕು: ಒಂದೇ ಹಾವನ್ನು ನೋಡಿ ಉದ್ದ, ಗಿಡ್ಡ ಎನ್ನುವುದಕ್ಕೆ ಆಧಾರವೇ ಇಲ್ಲ. ಅದೇ ಜಾತಿಯ, ಅದೇ ಗಾತ್ರದ, ಲಿಂಗ ಗೊತ್ತಿರುವ ಇನ್ನೊಂದರ ಫೋಟೋ ಪಕ್ಕದಲ್ಲಿಟ್ಟು ನೋಡಿದಾಗಲೇ ಕಣ್ಣಿಗೆ ಹಿಡಿತ ಸಿಗುವುದು. ಮರಿಗಳಲ್ಲಿ ಈ ಪರೀಕ್ಷೆ ಹೆಚ್ಚು ಉಪಯೋಗವಿಲ್ಲ.

ಮೂರನೇ ಹೆಜ್ಜೆ: ಬಿಟ್ಟ ಪೊರೆಯನ್ನು ಓದುವುದು

ಇದು ನನಗೆ ಬಲು ಪ್ರಿಯವಾದ ಕೆಲಸ. ಹಾವನ್ನು ಮುಟ್ಟುವುದೇ ಬೇಡ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೂತು ಮಾಡಬಹುದು.

ಪೊರೆ ಇಡಿಯಾಗಿ, ಬಾಲದ ತುದಿಯ ತನಕ ಸಿಕ್ಕಿರಬೇಕು. ಒಣಗಿ ಮುದುಡಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ. ಕಪ್ಪು ಟವೆಲ್ಲಿನ ಮೇಲೆ ದ್ವಾರದಿಂದ ಹಿಂದಿನ ಭಾಗವನ್ನು ಹೊಟ್ಟೆ ಮೇಲಾಗಿ ಹರಡಿ, ಬೆರಳಿನ ತುದಿಯಿಂದ ಮಡಿಕೆ ಬಿಡಿಸಿ. ಹಾವು ತುಟಿಯಿಂದ ಶುರುಮಾಡಿ ಅಂಗಿ ಕಳಚಿದಂತೆ ಪೊರೆಯನ್ನು ತಿರುವುತ್ತ ಬಿಡುವುದರಿಂದ ನಿಮಗೆ ಕಾಣುವುದು ಒಳಮಗ್ಗುಲು. ಎಡ ಬಲ ಅದಲುಬದಲಾಗಿರುತ್ತದೆ, ಎಣಿಕೆಗೆ ಅಡ್ಡಿಯಿಲ್ಲ.

ಹೊಟ್ಟೆಯ ಅಗಲ ಪಟ್ಟಿಗಳು ಮುಗಿದು ಜೋಡಿ ಹುರುಪೆಗಳ ಸಾಲು ಶುರುವಾಗುವ ಕಡೆ ದ್ವಾರವಿದೆ. ಅಲ್ಲಿಂದ ತುದಿಯವರೆಗಿನ ಬಾಲದಡಿಯ ಹುರುಪೆಗಳನ್ನು ಎಣಿಸಿ, ಒಂದು ಜೋಡಿಗೆ ಒಂದು ಲೆಕ್ಕ. ನಾನು ಹತ್ತಕ್ಕೊಂದರಂತೆ ಗುಂಡುಪಿನ್ನು ಚುಚ್ಚುತ್ತ ಹೋಗುತ್ತೇನೆ, ಇಲ್ಲದಿದ್ದರೆ ಯಾರಾದರೂ ಬಾಗಿಲು ತಟ್ಟಿದರೆ ಮತ್ತೆ ಒಂದರಿಂದ ಶುರು. ಪೊರೆ ಬಿಡುವಾಗ ಹಿಗ್ಗುವುದರಿಂದ ಅದರ ಉದ್ದವನ್ನು ಟೇಪು ಹಿಡಿದು ಅಳೆದರೆ ಹಾವಿನ ಉದ್ದ ಸಿಗುವುದಿಲ್ಲ, ಆದರೆ ಹುರುಪೆಗಳ ಸಂಖ್ಯೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಮೊಟ್ಟೆಯಿಂದ ಬಂದ ದಿನ ಎಷ್ಟಿತ್ತೋ ಮುದಿಯಾದಾಗಲೂ ಅಷ್ಟೇ.

ಬಹಳಷ್ಟು ಜಾತಿಗಳಲ್ಲಿ ಗಂಡಿಗೆ ಈ ಸಂಖ್ಯೆ ಹೆಚ್ಚು. ಆದರೆ ನಡುವೆ ಎರಡಕ್ಕೂ ಒಪ್ಪುವ ಸಂಖ್ಯೆಗಳಿರುತ್ತವೆ. ನಿಮ್ಮ ಹಾವಿನ ಜಾತಿಗೆ ಪ್ರಕಟವಾಗಿರುವ ಮೇಲಿನ ತುದಿಗೆ ಹತ್ತಿರವಿದ್ದರೆ ಗಂಡಿನ ಕಡೆ ತೂಗಿ, ಕೆಳಗಿನ ತುದಿಗಿದ್ದರೆ ಹೆಣ್ಣಿನ ಕಡೆ ತೂಗಿ, ನಡುವೆ ಬಿದ್ದರೆ ಪುಸ್ತಕ ಮುಚ್ಚಿ ಮುಂದಿನ ಹೆಜ್ಜೆಗೆ ಹೋಗಿ.

ಪೊರೆಯಲ್ಲಿ ಇನ್ನೊಂದು ಸಾಕ್ಷಿ ಕೆಲವೊಮ್ಮೆ ಸಿಗುತ್ತದೆ. ಬೆಳೆದ ಗಂಡುಗಳಲ್ಲಿ ಹೆಮಿಪೀನಿಸ್ಸಿನ ಒಳಪದರದ ಸವಕಲು ಮತ್ತು ಒಣಗಿದ ವೀರ್ಯ ಸೇರಿ ಮೇಣದಂಥ ಎರಡು ಪುಟ್ಟ ಬತ್ತಿಗಳಾಗಿ ದ್ವಾರದ ಅಂಚಿಗೆ ಅಂಟಿಕೊಂಡೋ ಪೆಟ್ಟಿಗೆಯ ನೆಲದಲ್ಲೋ ಬಿದ್ದಿರುತ್ತವೆ. ಎರಡೂ ಒಂದೇ ಅಳತೆ, ಜೋಡಿಯಾಗಿ ಸಿಕ್ಕಿದರೆ ಗಂಡು ಎನ್ನಲು ಬಲವಾದ ಕಾರಣ. ಒಂದೇ ಹಳದಿ ಚೂರು ಸಿಕ್ಕಿತೆಂದು ಕುಣಿಯಬೇಡಿ, ಅದು ವಾಸನೆಯ ಗ್ರಂಥಿಯ ಗಸಿಯೂ ಆಗಿರಬಹುದು.

ನಾಲ್ಕನೇ ಹೆಜ್ಜೆ: ಸ್ಪರ್

ಹೆಬ್ಬಾವು ಮತ್ತು ಬೋವಾಗಳ ದ್ವಾರದ ಎರಡೂ ಬದಿಗೆ ಉಗುರಿನಂಥ ಮುಳ್ಳು ಇರುತ್ತದೆ, ಅದೇ ಸ್ಪರ್. ಅವುಗಳ ಪೂರ್ವಜರಿಗೆ ಹಿಂಗಾಲುಗಳಿದ್ದುದರ ಅಳಿದುಳಿದ ಗುರುತು. ಕೂಡುವಾಗ ಗಂಡು ಇದರಿಂದ ಹೆಣ್ಣಿನ ಬೆನ್ನನ್ನು ಕೆರೆಯುತ್ತದೆ. ಗಂಡಿನದ್ದು ದೊಡ್ಡದು, ಕೊಕ್ಕೆಯಂತೆ ಬಾಗಿದ್ದು ಎನ್ನುವುದು ವಾಡಿಕೆಯ ಮಾತು. ಬೋವಾಗಳಲ್ಲಿ ಇದಕ್ಕೆ ತಕ್ಕಮಟ್ಟಿಗೆ ಬೆಲೆಯಿದೆ. ಬಾಲ್ ಪೈಥಾನ್‌ನಲ್ಲಿ ನನಗೆ ನಂಬಿಕೆಯಿಲ್ಲ: ದೊಡ್ಡ ಸ್ಪರ್ ಇರುವ ಹೆಣ್ಣುಗಳು ಧಾರಾಳವಾಗಿವೆ, ಸವೆದು ಮೊಂಡಾದ ಗಂಡುಗಳೂ ಇವೆ. ಭೀಮವ್ವನ ಸ್ಪರ್ ನೋಡಿದರೆ ಯಾರಾದರೂ ಪೈಲ್ವಾನ್ ಎಂದಾರು. ಕಾರ್ನ್ ಸ್ನೇಕ್‌ಗೆ ಸ್ಪರ್ ಇಲ್ಲವೇ ಇಲ್ಲ.

ಐದನೇ ಹೆಜ್ಜೆ: ಪಾಪಿಂಗ್, ಮರಿಗಳಿಗೆ ಮಾತ್ರ

ಮೊಟ್ಟೆಯೊಡೆದು ಕೆಲವೇ ವಾರಗಳಾದ ಮರಿಗಳಲ್ಲಿ ಆ ಹಿಡಿಯುವ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಹೊರಗಿನಿಂದ ಮೆಲ್ಲಗೆ ಒತ್ತಿ ಹೆಮಿಪೀನಿಸ್ಸನ್ನು ಹೊರಮಗ್ಗುಲು ಮಾಡಬಹುದು. ಮರಿ ಮಾಡಿಸುವವರು ಬಳಸುವ ದಾರಿ ಇದು, ಮುಖ್ಯವಾಗಿ ಕಾರ್ನ್ ಸ್ನೇಕ್ ಮರಿಗಳಿಗೆ.

ಒಂದು ಕೈಯ ಹೆಬ್ಬೆರಳು ದ್ವಾರದ ಮುಚ್ಚಳದ ಹುರುಪೆಯನ್ನು ತಲೆಯ ಕಡೆಗೆ ತುಸು ಎಳೆದು ಹಿಡಿಯುತ್ತದೆ. ಇನ್ನೊಂದು ಕೈಯ ಹೆಬ್ಬೆರಳು ಬಾಲದಲ್ಲಿ, ದ್ವಾರದಿಂದ ಸ್ವಲ್ಪ ಹಿಂದೆ ಕೂತು, ಅಲ್ಲಿಂದ ದ್ವಾರದ ಕಡೆಗೆ ಹೊರಳುತ್ತ ಬರುತ್ತದೆ. ಚಪಾತಿ ಹಿಟ್ಟಿನ ಉಂಡೆಯ ಅಂಚನ್ನು ಒತ್ತುವಷ್ಟೇ ಬಲ, ಹಿಸುಕುವುದಲ್ಲ. ಗಂಡಾದರೆ ಎರಡು ಕೆಂಪು ಗುಲಾಬಿ ಬಣ್ಣದ ಪುಟ್ಟ ಕೊಂಬುಗಳು ಪುಟಕ್ಕನೆ ಹೊರಬರುತ್ತವೆ, ಮೇಲೆ ರಕ್ತನಾಳದ ಗೆರೆ ಕಾಣುತ್ತದೆ. ಹೆಣ್ಣಾದರೆ ದ್ವಾರದ ಅಂಚು ಉಬ್ಬಿ, ಎರಡು ಸಣ್ಣ ಚುಕ್ಕೆಗಳಷ್ಟೆ ಕಂಡಾವು, ಅವು ವಾಸನೆಯ ಗ್ರಂಥಿಗಳ ಬಾಯಿ.

ಎರಡು ಬಗೆಯ ತಪ್ಪು ಇಲ್ಲಿ ಆಗುತ್ತವೆ. ಬಿಗಿಹಿಡಿದ ಗಂಡು ಮರಿ ಏನನ್ನೂ ಹೊರಬಿಡುವುದಿಲ್ಲ, ಹೆಣ್ಣಿನ ಪಟ್ಟಿಗೆ ಸೇರುತ್ತದೆ. ಜೋರಾಗಿ ಒತ್ತಿದಾಗ ಹೆಣ್ಣಿನ ಗ್ರಂಥಿಯ ಬಾಯಿಗಳು ಚಾಚಿಕೊಂಡು ಗಂಡಿನ ಪಟ್ಟಿಗೆ ಸೇರುತ್ತವೆ. ನಮ್ಮ ಭೀಮನ ಚೀಟಿಯ ಹಿಂದೆ ಯಾವುದಿತ್ತೋ! ಬೆಳೆದ ಹಾವಿಗಂತೂ ಇದನ್ನು ಪ್ರಯತ್ನಿಸಲೇಬೇಡಿ. ಬಲಿತ ಸ್ನಾಯುವಿನ ಎದುರು ಒತ್ತಿದರೆ ಒಳಗಿನ ಅಂಗ ಜಜ್ಜುತ್ತದೆ, ಬಾಲದ ಮೂಳೆಗೂ ಪೆಟ್ಟು. ಮರಿಗೂ ಒಂದು ಸಲ ನೋಡಿ ಬಿಡಿ, ಬಂದವರೆಲ್ಲ ಒಂದೊಂದು ಸಲ ಒತ್ತಿ ನೋಡುವ ಆಟ ಬೇಡ.

ಆರನೇ ಹೆಜ್ಜೆ: ಪ್ರೋಬಿಂಗ್

ಬೆಳೆದ ಹಾವಿಗೆ ಹೆಚ್ಚಾಗಿ ನಡೆಯುವುದು ಇದೇ. ತುದಿ ಮೊಂಡಾಗಿರುವ ತೆಳು ಉಕ್ಕಿನ ಕಡ್ಡಿಯನ್ನು ದ್ವಾರದ ಬದಿಯಿಂದ ಬಾಲದೊಳಕ್ಕೆ ಬಿಟ್ಟು, ಎಷ್ಟು ಆಳ ಹೋಗುತ್ತದೆಂದು ನೋಡುವುದು. ಗಂಡಿನಲ್ಲಿ ಅದು ಮಗುಚಿದ ಕಾಲುಚೀಲದ ತಳದ ತನಕ ಹೋಗುತ್ತದೆ, ಹೆಣ್ಣಿನಲ್ಲಿ ಆ ಪುಟ್ಟ ಚೀಲಕ್ಕೇ ನಿಲ್ಲುತ್ತದೆ.

ನನ್ನ ಸಲಹೆ ನೇರವಾಗಿದೆ: ಇದನ್ನು ಸರೀಸೃಪಗಳನ್ನು ನೋಡುವ ಪಶುವೈದ್ಯರ ಕೈಯಲ್ಲೇ ಮಾಡಿಸಿ. ಆನ್‌ಲೈನಿನಲ್ಲಿ ಕಡ್ಡಿಗಳ ಸೆಟ್ಟು ಸಿಗುತ್ತದೆ, ಕೈಯ ಅಂದಾಜು ಅದರ ಜೊತೆ ಬರುವುದಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯ. ಆದರೂ ಕ್ರಮವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಾವು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವವರು ನೀವು, ಸರಿಯಾಗಿ ನಡೆಯುತ್ತಿದೆಯೇ ಎಂದು ಗೊತ್ತಾಗಬೇಕು.

ಭೀಮವ್ವನಿಗೆ ಮಾಡಿದ್ದು ಹೀಗೆ. ವೈದ್ಯರು ಮೊದಲು ಕಡ್ಡಿಗಳಲ್ಲಿ ನಡುಗಾತ್ರದ್ದೊಂದನ್ನು ಆರಿಸಿದರು. ತೀರ ಸಣ್ಣದಾದರೆ ಒಳಪದರ ತೂತಾಗುವ ಭಯ, ದೊಡ್ಡದಾದರೆ ಹೋಗುವುದೇ ಇಲ್ಲ. ಕಡ್ಡಿ ಸೋಂಕು ತೆಗೆದದ್ದಾಗಿತ್ತು. ಅದಕ್ಕೆ ನೀರಿನ ಮೂಲದ ಜಾರುಲೇಪ ಹಚ್ಚಿದರು. ನಾನು ಮೈಯ ಭಾರವನ್ನು ತೋಳಿನ ಮೇಲೆ ಹೊತ್ತು ನಿಂತೆ, ಅವರ ಸಹಾಯಕಿ ಬಾಲವನ್ನು ನೇರವಾಗಿ ಹಿಡಿದರು. ದ್ವಾರದ ಮುಚ್ಚಳ ತುಸು ಎತ್ತಿ, ಕಡ್ಡಿಯನ್ನು ನಟ್ಟನಡುವೆ ಅಲ್ಲ, ಎಡ ಮೂಲೆಯಲ್ಲಿ ಇಟ್ಟು, ಬಾಲದ ತುದಿಯ ಕಡೆಗೆ ಮುಖ ಮಾಡಿಸಿದರು. ಆಮೇಲೆ ಅವರು ಒತ್ತಲೇ ಇಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಕಡ್ಡಿಯನ್ನು ದೀಪದ ಬತ್ತಿ ಹೊಸೆದಂತೆ ಆ ಕಡೆ ಈ ಕಡೆ ಹೊರಳಿಸುತ್ತ, ಅದು ತಾನಾಗಿ ಎಷ್ಟು ಜಾರುತ್ತದೋ ಅಷ್ಟು ಬಿಟ್ಟರು. ನಿಂತಿತು. ಅರ್ಧ ನಿಮಿಷ ಹಾಗೇ ಕಾದರು, ಹಾವು ಬಿಗಿಹಿಡಿದಿದ್ದರೆ ಸಡಿಲವಾಗಲಿ ಎಂದು. ಮತ್ತೆ ಹೊರಳಿಸಿದರೂ ಮುಂದೆ ಹೋಗಲಿಲ್ಲ. ಕಡ್ಡಿ ಒಳಹೊಕ್ಕ ಜಾಗಕ್ಕೆ ಸರಿಯಾಗಿ ಉಗುರೊತ್ತಿ ಹೊರತೆಗೆದು, ಅದನ್ನು ಬಾಲದ ಹೊರಗೆ ಮಗ್ಗುಲಿಗಿಟ್ಟು ಹುರುಪೆ ಎಣಿಸಿದರು. ಮೂರು. ಬಲಗಡೆಗೂ ಅದೇ ಕ್ರಮ, ಅಲ್ಲೂ ಮೂರು.

ಆಳವನ್ನು ಸೆಂಟಿಮೀಟರಿನಲ್ಲಿ ಹೇಳುವುದಿಲ್ಲ, ಬಾಲದಡಿಯ ಹುರುಪೆಗಳಲ್ಲಿ ಹೇಳುತ್ತಾರೆ. ಹಾವು ಸಣ್ಣದಿರಲಿ ದೊಡ್ಡದಿರಲಿ ಆ ಲೆಕ್ಕ ಬದಲಾಗುವುದಿಲ್ಲ. ಬಾಲ್ ಪೈಥಾನ್ ಹೆಣ್ಣಿನಲ್ಲಿ ಸಾಮಾನ್ಯವಾಗಿ 2ರಿಂದ 4 ಹುರುಪೆ, ಗಂಡಿನಲ್ಲಿ 7 ಅಥವಾ ಅದಕ್ಕೂ ಹೆಚ್ಚು. ಕಾರ್ನ್ ಸ್ನೇಕ್ ಹೆಣ್ಣಿನಲ್ಲೂ ಬಹಳವೆಂದರೆ 3, 4ಕ್ಕೆ ನಿಲ್ಲುತ್ತದೆ, ಗಂಡಿನಲ್ಲಿ 6 ದಾಟಿ ಇನ್ನೂ ಒಳಗೆ ಹೋಗುತ್ತದೆ. ಈ ಅಂಕಿಗಳನ್ನು ಎಲ್ಲ ಹಾವಿಗೂ ಅನ್ವಯಿಸಬೇಡಿ. ಗಿಡ್ಡ ಬಾಲದ ಬ್ಲಡ್ ಪೈಥಾನ್‌ನಂಥವುಗಳಲ್ಲಿ ಹೆಣ್ಣಿನ ಚೀಲವೂ ಆಳವಿದ್ದು ಅನುಭವಿಗಳೇ ಮೋಸಹೋಗುತ್ತಾರೆ.

5 ಬಂದರೆ? ಅದು ಉತ್ತರವಲ್ಲ. ಬಿಗಿಹಿಡಿದ ಗಂಡೂ ಇರಬಹುದು, ಜೋರಾಗಿ ಒತ್ತಿಸಿಕೊಂಡ ಹೆಣ್ಣೂ ಇರಬಹುದು. ಎರಡು ಬದಿಯ ಎಣಿಕೆಯಲ್ಲಿ ದೊಡ್ಡ ಅಂತರ ಬಂದರೂ ಹಾಗೇ. ಅವತ್ತಿಗೆ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡುವುದು. ಕಡ್ಡಿಯ ತುದಿಯಲ್ಲಿ ರಕ್ತ ಕಂಡರೆ, ಮರುದಿನ ಬಾಲದ ಬುಡ ಊದಿದ್ದರೆ, ದ್ವಾರದಿಂದ ಏನಾದರೂ ಹೊರಗೆ ಜೋತುಬಿದ್ದು ಒಳಗೆ ಹೋಗದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಜೋತುಬಿದ್ದದ್ದು ಒಣಗದಂತೆ ಒದ್ದೆ ಬಟ್ಟೆ ಹೊದಿಸಿ ಒಯ್ಯಿರಿ, ನೀವೇ ಒಳಗೆ ತುರುಕಬೇಡಿ. ಇನ್ನು ಎಲ್ಲ ಸರಿಯಾಗಿ ಮುಗಿದರೂ ಸೋಪು ಹಚ್ಚಿ ಕೈ ತೊಳೆಯಿರಿ, ಸರೀಸೃಪಗಳ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ.

ಕಡ್ಡಿಯಿಲ್ಲದ ದಾರಿಗಳು

ದೊಡ್ಡ ಹಾವಿಗೆ ಅಲ್ಟ್ರಾಸೌಂಡ್ ಒಳ್ಳೆಯದು. ಮೊಟ್ಟೆ ಕಟ್ಟುವ ಕಾಲದಲ್ಲಿ ಅಂಡಾಶಯದ ಗುಂಡುಗಳು ಸಾಲಾಗಿ ಪರದೆಯ ಮೇಲೆ ಕಂಡರೆ, ಹೆಣ್ಣು ಎಂಬುದಕ್ಕೆ ಅಪರೂಪಕ್ಕೊಮ್ಮೆ ನೇರ ಸಾಕ್ಷಿಯೇ ಸಿಕ್ಕಂತೆ. ಬಾಲದೊಳಗೆ ಉಪ್ಪುನೀರು ಚುಚ್ಚಿ ಹೆಮಿಪೀನಿಸ್ಸನ್ನು ಹೊರಬರಿಸುವ ವಿಧಾನವನ್ನೂ ವೈದ್ಯರು ಬಳಸುತ್ತಾರೆ, ಬೇರೆ ಯಾವುದರಿಂದಲೂ ಗೊತ್ತಾಗದಾಗ.

ಪೊರೆಯ ಚೂರು ಕಳಿಸಿದರೆ ಡಿಎನ್‌ಎ ನೋಡಿ ಹೇಳುವ ಪ್ರಯೋಗಾಲಯಗಳು ಕೆಲವು ದೇಶಗಳಲ್ಲಿವೆ, ಆದರೆ ಕೆಲವೇ ಜಾತಿಗಳಿಗೆ. ಹಕ್ಕಿಗಳಲ್ಲಿ ಎಲ್ಲಕ್ಕೂ ಒಂದೇ ಪದ್ಧತಿ ನಡೆಯುವಂತೆ ಹಾವಿನಲ್ಲಿ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಚೆಂದದ ಕಾರಣವೊಂದಿದೆ. ಹಾವುಗಳಲ್ಲೆಲ್ಲ ಹಕ್ಕಿಗಳಂತೆ ಹೆಣ್ಣಿಗೆ ಝೆಡ್ ಮತ್ತು ಡಬ್ಲ್ಯು ಎಂಬ ಎರಡು ಬೇರೆ ವರ್ಣತಂತುಗಳು, ಗಂಡಿಗೆ ಎರಡೂ ಝೆಡ್ ಎಂದೇ ದಶಕಗಳ ಕಾಲ ನಂಬಿದ್ದರು. ಕಾರ್ನ್ ಸ್ನೇಕ್, ನಾಗರ, ಮಂಡಲದಂಥವುಗಳಿಗೆ ಅದು ಸರಿ. ಆದರೆ 2017ರಲ್ಲಿ ಒಂದು ಬೋವಾ ಮತ್ತು ಒಂದು ಹೆಬ್ಬಾವನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಮನುಷ್ಯರಂತೆ ಎಕ್ಸ್ ವೈ ವ್ಯವಸ್ಥೆ ಕಂಡುಬಂತು. ಕಾರ್ನ್ ಸ್ನೇಕ್‌ಗೆ ಮಾಡಿದ ಪರೀಕ್ಷೆ ಪೈಥಾನ್‌ಗೆ ನಡೆಯದು.

ನಿಮ್ಮ ಮನೆಯ ಹೂಕುಂಡದಲ್ಲಿ ಮಾತ್ರ ಈ ಯಾವ ತಲೆನೋವೂ ಇಲ್ಲದ ಹಾವೊಂದು ಇರಬಹುದು. ಎರೆಹುಳುವಿನಂತೆ ಕಾಣುವ, ಮಣ್ಣು ಕೆದಕಿದಾಗ ಸರಕ್ಕನೆ ಒಳಸೇರುವ ಕುರುಡು ಹಾವು. ಅದರಲ್ಲಿ ಗಂಡೇ ಇಲ್ಲ. ಎಲ್ಲ ಹೆಣ್ಣು, ತಾವೇ ಮೊಟ್ಟೆಯಿಟ್ಟು ತಮ್ಮಂಥದ್ದೇ ಹೆಣ್ಣುಗಳನ್ನು ಹುಟ್ಟಿಸುತ್ತವೆ.

ಬರೆದಿಡುವುದು, ಆಮೇಲಿನ ಬಾಳು

ಪರೀಕ್ಷೆಯಾದ ದಿನ, ವಿಧಾನ, ಎಡಬಲದ ಎಣಿಕೆ, ಮಾಡಿದವರು ಇಷ್ಟನ್ನು ಬರೆದಿಡಿ. ‘ಹೆಣ್ಣು’ ಎಂದಷ್ಟೇ ಬರೆದರೆ ಆ ಮಾತಿಗೆ ಎಷ್ಟು ಬಲವಿದೆ ಎಂದು ಮುಂದೆ ಯಾರಿಗೂ ತಿಳಿಯದು. ನನ್ನ ನೋಟ್‌ಬುಕ್ಕಿನಲ್ಲಿ ‘ಪ್ರೋಬ್, ಎಡ 3, ಬಲ 3, ಪೊರೆ ಎಣಿಕೆ ಕೆಳತುದಿಗೆ ಹತ್ತಿರ, ಹೆಣ್ಣು’ ಎಂದಿದೆ. ಎರಡು ಬೇರೆ ದಾರಿ ಒಂದೇ ಕಡೆ ಬೆರಳು ತೋರಿಸಿದರೆ ನಿಶ್ಚಿಂತೆ.

ಗೊತ್ತಾದ ಮೇಲೆ ಸಾಕುವ ರೀತಿಯಲ್ಲಿ ಏನು ಬದಲು? ದಿನನಿತ್ಯದಲ್ಲಿ ಹೆಚ್ಚೇನಿಲ್ಲ. ಗಂಡು ಬಾಲ್ ಪೈಥಾನ್ ಬೆದೆಯ ಕಾಲದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇಲಿ ಮುಟ್ಟದಿರುವುದುಂಟು. ಗಂಡು ಅಂತ ಗೊತ್ತಿದ್ದು ತೂಕ ಇಳಿಯದಿದ್ದರೆ ಕಾಯಬಹುದು. ಹೆಣ್ಣಾದರೆ ಪೆಟ್ಟಿಗೆ ದೊಡ್ಡದು ಬೇಕು, ಮೊಟ್ಟೆ ಸಿಕ್ಕಿಕೊಳ್ಳುವ ತೊಂದರೆಯ ಮೇಲೆ ಕಣ್ಣಿರಬೇಕು. ಗಂಡು ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡಬಹುದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ವರ್ಷ ದಾಟಿದ ಬಾಲ್ ಪೈಥಾನ್ ಅಜ್ಜಿಯೊಂದು 15 ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಮುಖ ನೋಡದೆ 2020ರ ಜುಲೈನಲ್ಲಿ 7 ಮೊಟ್ಟೆ ಇಟ್ಟಿತ್ತು.

ನಮ್ಮಲ್ಲೂ ಕಳೆದ ಬೇಸಿಗೆಯಲ್ಲಿ ಭೀಮವ್ವ ಮೂರು ವಾರ ಊಟ ಬಿಟ್ಟು, ನೀರಿನ ಬಟ್ಟಲಿಗೆ ಸುತ್ತಿಕೊಂಡು ಕೂತಳು. ಒಂದು ಬೆಳಿಗ್ಗೆ ನೋಡಿದರೆ ಮೈಯ ಸುರುಳಿಯೊಳಗೆ ನಾಲ್ಕು ಮೊಟ್ಟೆ: ಹಳದಿ, ಮೇಣದಂತೆ ಗಟ್ಟಿ, ಬೆಳಕಿಗೆ ಹಿಡಿದರೆ ಒಳಗೆ ಒಂದು ನರವೂ ಕಾಣದ ಗೊಡ್ಡು ಮೊಟ್ಟೆಗಳು. ನೋಟ್‌ಬುಕ್ಕಿನ ಆ ಸಾಲಿನ ಮುಂದೆ ‘4 ಮೊಟ್ಟೆ, ಇನ್ನು ಅನುಮಾನವಿಲ್ಲ’ ಎಂದು ಬರೆದು ಗದಗಕ್ಕೆ ಫೋನ್ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಣಂತನಕ್ಕ ನಾ ಬರಬೇಕೇನೋ?” ಅಂದಳು.